ಮಾಗಿಯ ಬೆಳಕು, ಒಂದೇ ಜಾಗ



ಭತ್ತದ ಕುಯ್ಲು ಮುಗಿಯುತ್ತ ಬಂದು, ರಾಗಿಯ ಮೆದೆಗಳು ಕಣದ ಬದಿಯಲ್ಲಿ ಏಳುತ್ತ, ಆಲೆಮನೆಯ ಹೊಗೆ ಬೆಳಗಿನ ಕಾವಳದೊಳಗೆ ಬೆರೆಯುವ ಕಾಲ ಇದು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮಾಗಿ ಚಳಿ ಶುರುವಾದರೆ ಶಿವರಾತ್ರಿಗೆ ಶಿವಶಿವಾ ಎಂದು ಹೋಗುವವರೆಗೆ ಮೂರು ತಿಂಗಳು ಸಿಗುತ್ತವೆ. ಈ ಮೂರು ತಿಂಗಳು ಛಾಯಾಗ್ರಹಣ ಕಲಿಯುವವರಿಗೆ ವರ್ಷದಲ್ಲೇ ಒಳ್ಳೆಯ ಶಾಲೆ ಎಂಬುದು ಈ ಹೊತ್ತಿನ ನನ್ನ ವಾದ. ವಾದಕ್ಕೆ ಇನ್ನೊಂದು ಭಾಗವೂ ಇದೆ. ಈ ಶಾಲೆಯ ಲಾಭ ಊರೂರು ಸುತ್ತುವವರಿಗೆ ಸಿಗುವುದಿಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವರಿಗೆ ಸಿಗುತ್ತದೆ. ಕ್ಯಾಮೆರಾ ಇರುವ ಫೋನು ಈಗ ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ ಇದೆ. ಚಿತ್ರಗಳಿಗೇನೂ ಬರವಿಲ್ಲ. ಒಂದು ತಂತ್ರವನ್ನು ಹಿಡಿದು, ಅದು ಕೈಗೆ ಹತ್ತುವವರೆಗೆ ಬಿಡದೆ ಸಾಧನೆ ಮಾಡುವುದು ಮಾತ್ರ ಅಪರೂಪವಾಗಿದೆ.

ಮೊದಲ ಆಕ್ಷೇಪ ತಟ್ಟನೆ ಬರುತ್ತದೆ. ನಮ್ಮದೂ ಒಂದು ಚಳಿಗಾಲವೇ? ಹಿಮ ಬೀಳುವುದಿಲ್ಲ, ಕೆರೆ ಹೆಪ್ಪುಗಟ್ಟುವುದಿಲ್ಲ. ಬೆಳಗಿನ ಜಾವ ಉಷ್ಣಾಂಶ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿದರೆ ಜನ ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತಾರೆ. ಚಳಿಗಾಲದ ಛಾಯಾಗ್ರಹಣ ಎಂದರೆ ಶೀತದೇಶಗಳ ಮಾತು ಎಂದು ತೋರುವುದು ಸಹಜ. ಆದರೆ ಶೀತದೇಶದ ಅತ್ಯಂತ ದೊಡ್ಡ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಹಳ್ಳಿಯಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದ. 1885ರ ಜನವರಿಯಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಒಂದೇ ಒಂದು ಹರಳಿನ ಚಿತ್ರವನ್ನು ತೆಗೆದ. 1931ರಲ್ಲಿ ಸಾಯುವವರೆಗೂ, ಚಳಿಗಾಲದ ಮೇಲೆ ಚಳಿಗಾಲ, ಅದೇ ಕೆಲಸವನ್ನು ಮಾಡಿದ. ಅವನು ತೆಗೆದ ಹರಳುಗಳ ಚಿತ್ರ ಐದು ಸಾವಿರಕ್ಕೂ ಹೆಚ್ಚು. ಅವನ ಸಾಧನೆಯಲ್ಲಿ ಹಿಮದ ಪಾಲು ಎಷ್ಟು, ಪುನರಾವೃತ್ತಿಯ ಪಾಲು ಎಷ್ಟು ಎಂದು ತೂಗಿ ನೋಡಬೇಕು. ಹಿಮ ಆ ಸೀಮೆಯ ಎಲ್ಲರ ಮನೆಯ ಮುಂದೆಯೂ ಬೀಳುತ್ತಿತ್ತು. ಒಂದೇ ವಸ್ತುವನ್ನು, ಒಂದೇ ಬಗೆಯ ಸಲಕರಣೆಯಿಂದ, ಒಂದೇ ಋತುವಿನಲ್ಲಿ ನಲವತ್ತಾರು ವರ್ಷ ನೋಡಿದವನು ಅವನೊಬ್ಬ. ಹರಳು ಕರಗುವ ಮೊದಲೇ ಫೋಕಸ್ ಮಾಡಿ ಬೆಳಕು ಅಳೆಯುವ ಚುರುಕು ಅವನಿಗೆ ಬಂದದ್ದು ಹಾಗೆ. ಹಿಮವನ್ನು ನಾವು ಮದ್ದೂರಿಗೆ ತರಿಸಲಾರೆವು. ಆ ಕ್ರಮವನ್ನು ತರಬಹುದು.

ಕ್ರಮ ಯಾವ ಋತುವಿನಲ್ಲಾದರೂ ನಡೆಯುತ್ತದಲ್ಲ, ಮಾಗಿಯೇ ಯಾಕೆ? ಇದಕ್ಕೆ ಉತ್ತರ ಸೂರ್ಯನ ದಾರಿಯಲ್ಲಿದೆ. ಮಂಡ್ಯ ಭೂಮಧ್ಯರೇಖೆಗೆ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಮುಖದ ಮೇಲೆ ಕಣ್ಣುಗುಳಿಗಳು ಕಪ್ಪಾಗುತ್ತವೆ, ಮರದ ನೆರಳು ಬುಡದಲ್ಲೇ ಮುದುಡುತ್ತದೆ, ಗದ್ದೆಯ ಬದುಗಳಿಗೆ ಉಬ್ಬುತಗ್ಗು ಇದ್ದದ್ದೇ ಚಿತ್ರದಲ್ಲಿ ಕಾಣುವುದಿಲ್ಲ. ಡಿಸೆಂಬರ್ 22ರಂದು ಅದೇ ನಡುಹಗಲಿನ ಸೂರ್ಯ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಆರಡಿಯ ಆಳಿಗೆ ನಡುಹಗಲಿನಲ್ಲೂ ನಾಲ್ಕಡಿಗಿಂತ ಉದ್ದದ ನೆರಳು ಇರುತ್ತದೆ. ಇದನ್ನು ಯಾವ ಉಪಕರಣವೂ ಇಲ್ಲದೆ ಪರೀಕ್ಷಿಸಬಹುದು: ನಿಮ್ಮ ನೆರಳು ನಿಮಗಿಂತ ಉದ್ದವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿದ್ದಾನೆ, ಓರೆಬೆಳಕು ಇನ್ನೂ ಇದೆ ಎಂದರ್ಥ. ಡಿಸೆಂಬರ್ ಕೊನೆಯಲ್ಲಿ ನೆರಳು ಆಳಿಗಿಂತ ಗಿಡ್ಡವಾಗಿರುವ ಹೊತ್ತು ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆ, ಹೆಚ್ಚುಕಡಿಮೆ ಹತ್ತೂವರೆಯಿಂದ ಎರಡೂಕಾಲರವರೆಗೆ. ಏಪ್ರಿಲ್ ಕೊನೆಯಲ್ಲಿ ಅದು ಆರು ಗಂಟೆ ಮೀರುತ್ತದೆ. ಶಾಲೆಗೆ, ಕೆಲಸಕ್ಕೆ, ಹೊಲಕ್ಕೆ ಹೋಗುವ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವ ಸಾಮಾನ್ಯ ಅಭ್ಯಾಸಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಸಂಕ್ರಾಂತಿ ಕಳೆದರೆ ಸೂರ್ಯ ಬೇಗ ಹುಟ್ಟುತ್ತಾನೆಂದು ನಾವು ತಿಳಿದಿರುತ್ತೇವೆ. ಹಗಲು ಉದ್ದವಾಗುವುದೇನೋ ನಿಜ; ಆ ಉದ್ದವೆಲ್ಲ ಸದ್ಯಕ್ಕೆ ಸಂಜೆಗೆ ಸೇರುತ್ತದೆ. ಈ ಸೀಮೆಯಲ್ಲಿ ಸೂರ್ಯೋದಯ ಅತ್ಯಂತ ತಡವಾಗುವುದು ಜನವರಿಯ ಕೊನೆಯ ವಾರದಲ್ಲಿ, ಡಿಸೆಂಬರ್ 22ಕ್ಕಿಂತ ಸುಮಾರು ಹತ್ತು ನಿಮಿಷ ತಡವಾಗಿ, ಆರೂಮುಕ್ಕಾಲು ದಾಟಿದ ಮೇಲೆ. ಎಂದರೆ ಬೆಳಗಿನ ಅಭ್ಯಾಸಕ್ಕೆ ನಸುಕಿನಲ್ಲೇ ಏಳಬೇಕಾದ ಕಷ್ಟ ವರ್ಷದಲ್ಲೇ ಕಡಿಮೆ ಇರುವ ಕಾಲ ಇದು.

ಒಂದು ಹುಲ್ಲುಮೆದೆಯಿಂದ ಪ್ರಾರಂಭಿಸಬಹುದು. ಮೆದೆ ಅಲ್ಲಾಡುವುದಿಲ್ಲ, ಮುಜುಗರಪಡುವುದಿಲ್ಲ, ಎರಡು ಮೂರು ತಿಂಗಳು ಅದೇ ಜಾಗದಲ್ಲಿರುತ್ತದೆ. ಫ್ರಾನ್ಸಿನ ಜಿವರ್ನಿಯಲ್ಲಿ ಕ್ಲಾಡ್ ಮೊನೆ ಎಂಬ ಚಿತ್ರಕಾರ 1890 ಮತ್ತು 1891ರ ನಡುವಿನ ಚಳಿಗಾಲದಲ್ಲಿ ಮಾಡಿದ್ದು ಇದನ್ನೇ: ಮನೆಯ ಹತ್ತಿರದ ಹೊಲದ ತೆನೆಮೆದೆಗಳನ್ನು ಬೆಳಗು, ಬೈಗು, ಮಂಜು, ಹಿಮ ಎಂದು ಬೆಳಕು ಬದಲಾದ ಹಾಗೆಲ್ಲ ಬೇರೆ ಬೇರೆ ಬಟ್ಟೆಯ ಮೇಲೆ ಬರೆದ. ಸುಮಾರು ಇಪ್ಪತ್ತೈದು ಚಿತ್ರಗಳಾದವು. ಮೆದೆ ಅವನಿಗೆ ನೆಪ. ಅವನು ಬರೆದದ್ದು ಬೆಳಕನ್ನು. ಕ್ಯಾಮೆರಾ ಹಿಡಿದವರಿಗೆ ಮೆದೆ ಕಲಿಸುವ ಮೊದಲ ತಂತ್ರ ಎಕ್ಸ್‌ಪೋಷರ್, ಎಂದರೆ ಎಷ್ಟು ಬೆಳಕನ್ನು ಒಳಗೆ ಬಿಡಬೇಕೆಂಬ ಲೆಕ್ಕ. ಕ್ಯಾಮೆರಾದೊಳಗಿನ ಬೆಳಕುಮಾಪಕಕ್ಕೆ ತನ್ನೆದುರಿಗಿರುವುದು ಹಾಲೋ ಇದ್ದಿಲೋ ಗೊತ್ತಿಲ್ಲ. ಯಾವುದು ಎದುರಿಗಿದ್ದರೂ ಅದನ್ನು ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಆದ್ದರಿಂದಲೇ ಕಾವಳ ಕವಿದ ಬೆಳಗಿನಲ್ಲಿ ತೆಗೆದ ಚಿತ್ರಗಳು ಹೊಗೆ ಹಿಡಿದ ಗೋಡೆಯ ಬಣ್ಣಕ್ಕೆ ತಿರುಗುತ್ತವೆ. ಬಿಳಿಯ ಕಾವಳ ಬಿಳಿಯಾಗಿಯೇ ಬರಬೇಕಾದರೆ ಮಾಪಕ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಬಿಡಬೇಕಾಗುತ್ತದೆ. ಅದೇ ಮೆದೆಯ ಹಿಂದೆ ಸೂರ್ಯ ಹುಟ್ಟುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಆಕಾಶದ ಬಣ್ಣ ಬೇಕೋ ಮೆದೆಯ ಹುಲ್ಲು ಬೇಕೋ ಎಂದು ತೆಗೆಯುವವನೇ ತೀರ್ಮಾನಿಸಬೇಕು. ಇದನ್ನು ಪುಸ್ತಕದಲ್ಲಿ ಎರಡು ನಿಮಿಷದಲ್ಲಿ ಓದಿಬಿಡಬಹುದು. ಆದರೆ ಕಾವಳ ಎಷ್ಟು ದಟ್ಟವಾಗಿದ್ದರೆ ಅರ್ಧ ಸ್ಟಾಪ್, ಎಷ್ಟಾದರೆ ಒಂದು ಅಥವಾ ಒಂದೂವರೆ ಎಂಬುದು ಕಣ್ಣಿಗೆ ಗೊತ್ತಾಗುವುದು ಅದೇ ಮೆದೆಯನ್ನು ಅದೇ ದೂರದಿಂದ ಹಲವು ಬೆಳಗು ನೋಡಿದಾಗ ಮಾತ್ರ. ಜಾಗ ಬದಲಿಸಿದರೆ ವ್ಯತ್ಯಾಸ ಬೆಳಕಿನದೋ, ವಸ್ತುವಿನದೋ, ನಮ್ಮ ಕೈಯದೋ ತಿಳಿಯುವುದಿಲ್ಲ. ವಿಜ್ಞಾನದ ಪ್ರಯೋಗದಲ್ಲಿ ಒಂದನ್ನು ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡುವುದು ಇದೇ ಕಾರಣಕ್ಕೆ.

ಇಲ್ಲಿ ಎರಡನೆಯ ಆಕ್ಷೇಪವನ್ನು ಎದುರಿಸಬೇಕು. ಈಗಿನ ಫೋನುಗಳು ಇದನ್ನೆಲ್ಲ ತಾವೇ ಮಾಡುತ್ತವೆ, ಅಭ್ಯಾಸದ ಹಂಗೇಕೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ, ತಳ್ಳಿಹಾಕಬಾರದು. ಗುಂಡಿ ಒತ್ತಿದ ಒಂದು ಕ್ಷಣದಲ್ಲಿ ಫೋನು ಹಲವು ಚಿತ್ರ ತೆಗೆದು, ಬೆಳಕಿನ ಭಾಗವನ್ನು ಒಂದರಿಂದ, ನೆರಳಿನ ಭಾಗವನ್ನು ಇನ್ನೊಂದರಿಂದ ಆರಿಸಿ ಹೊಂದಿಸುತ್ತದೆ. ಸಾಮಾನ್ಯ ಸಂದರ್ಭಕ್ಕೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಆರಿಸುವುದು ಎಲ್ಲರಿಗೂ ಒಪ್ಪುವ ಸರಾಸರಿಯನ್ನು. ಕಾವಳವನ್ನು ಕೊಳೆಯೆಂದು ಭಾವಿಸಿ ಅಳಿಸಲು ನೋಡುತ್ತದೆ. ಮಬ್ಬಿನಲ್ಲಿ ನಿಂತ ಆಳಿನ ಮುಖವನ್ನು ಎತ್ತಿ ಬೆಳಗಿಸಿ ಹೊತ್ತಿನ ಗುಣವನ್ನೇ ಕೆಡಿಸುತ್ತದೆ. ಹಿನ್ನೆಲೆಯನ್ನು ಮಸುಕು ಮಾಡುವ ಸೌಲಭ್ಯವೂ ಹಾಗೆಯೇ, ಹುಲ್ಲಿನ ಎಳೆಗಳ ಅಂಚಿನಲ್ಲಿ, ಮರದ ಸಣ್ಣ ರೆಂಬೆಗಳಲ್ಲಿ ಎಡವುತ್ತದೆ. ಯಂತ್ರದ ತೀರ್ಮಾನ ನಮಗೆ ಬೇಡವಾದಾಗ ಅದನ್ನು ಮೀರುವ ದಾರಿ ಫೋನಿನಲ್ಲೇ ಇದೆ: ತೆರೆಯ ಮೇಲೆ ಬೇಕಾದ ಕಡೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕಿನ ಅಳತೆ ಅಲ್ಲಿ ನಿಲ್ಲುತ್ತದೆ, ಬೆರಳನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಬೆಳಕು ಏರಿಳಿಯುತ್ತದೆ. ಇಷ್ಟೊಂದು ಸರಳವಾದ ಸಾಧನ ಕೈಯಲ್ಲಿದ್ದೂ ಬಳಸದಿರುವುದಕ್ಕೆ ಕಾರಣ ಬಡತನವಲ್ಲ, ಯಾವಾಗ ಬಳಸಬೇಕೆಂದು ಕಣ್ಣಿಗೆ ಗೊತ್ತಿಲ್ಲದಿರುವುದು. ಆದ್ದರಿಂದ ದುಬಾರಿ ಕ್ಯಾಮೆರಾ ಇಲ್ಲವೆಂಬ ಮಾತಿಗೂ ಇಲ್ಲೇ ಉತ್ತರ ಸಿಕ್ಕಿತೆಂದು ತಿಳಿಯುತ್ತೇನೆ. ಇರುವ ಸಾಧನದ ಮಿತಿ ಎಲ್ಲಿದೆ ಎಂದು ತೋರಿಸುವುದೂ ಅಭ್ಯಾಸವೇ. ಆಮೇಲೆ ಕೊಳ್ಳುವುದೋ ಬಿಡುವುದೋ ನಿರ್ಧರಿಸಬಹುದು.

ಮೆದೆ ಹಗಲಿನ ಬೆಳಕನ್ನು ಕಲಿಸಿದರೆ ಆಲೆಮನೆ ಮಬ್ಬುಬೆಳಕನ್ನು ಕಲಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ, 1930ರ ದಶಕದಿಂದೀಚೆಗೆ, ಕಬ್ಬು ಈ ಸೀಮೆಯ ಮುಖ್ಯ ಬೆಳೆಯಾಯಿತು. ಸಕ್ಕರೆ ಕಾರ್ಖಾನೆಯ ಜೊತೆಜೊತೆಗೇ ಆಲೆಮನೆಗಳೂ ನಡೆದುಕೊಂಡು ಬಂದಿವೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ, ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯ ಉರಿ, ಮೇಲೆ ದಟ್ಟವಾದ ಹಬೆ, ಸೂರಿನ ಸಂದಿಯಿಂದ ಇಳಿಯುವ ಬಿಸಿಲುಕೋಲು. ಛಾಯಾಗ್ರಾಹಕನಿಗೆ ಇದಕ್ಕಿಂತ ಕಠಿಣವಾದ, ಇದಕ್ಕಿಂತ ಸಮೃದ್ಧವಾದ ಬೆಳಕು ಸಿಗಲಾರದು. ಒಲೆಯ ಬಾಯಿ ಕೆಂಪಾಗಿ ಉರಿಯುತ್ತಿರುತ್ತದೆ, ಎರಡು ಮಾರು ಆಚೆ ಕತ್ತಲೆ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲಾಗದೆಂದು ಇಲ್ಲಿ ಬೇಗ ಅರಿವಾಗುತ್ತದೆ. ಹಬೆಯನ್ನು ಬೆಳಕಿನ ಕಡೆಗೆ ಮುಖಮಾಡಿ ತೆಗೆದರೆ ಅದು ಹೊಳೆಯುತ್ತದೆ, ಬೆಳಕಿಗೆ ಬೆನ್ನುಮಾಡಿ ತೆಗೆದರೆ ಕಾಣದೇ ಹೋಗುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕೆಂಬುದೇ ಇಲ್ಲಿಯ ದೊಡ್ಡ ತಂತ್ರ. ಮಾಗಿಯಲ್ಲಿ ಒಂದು ಸಣ್ಣ ತೊಡಕೂ ಇದೆ. ಹೊರಗಿನ ತಂಪಿಗೆ ತಣ್ಣಗಾದ ಲೆನ್ಸು ಈ ಬಿಸಿ ಹಬೆಯೊಳಗೆ ಬಂದೊಡನೆ ಬೆವರುತ್ತದೆ. ಒರೆಸಿದಷ್ಟೂ ಮತ್ತೆ ಕವಿಯುತ್ತದೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಳಗಿನ ಬಿಸಿಗೆ ಅದು ಹೊಂದಿಕೊಳ್ಳುವವರೆಗೆ ಹಾಗೇ ಬಿಟ್ಟು, ಆಮೇಲೆ ತೆರೆದರೆ ತೊಂದರೆ ಇಲ್ಲ. ಹೆಪ್ಪುಗಟ್ಟುವ ಚಳಿಯ ದೇಶದಲ್ಲಿ ಮನೆಯೊಳಗೆ ಬರುವವರು ಅನುಸರಿಸುವ ವಿಧಾನವೂ ಇದೇ.

ಪಾಕ ಹದಕ್ಕೆ ಬರುವ ಗಳಿಗೆಯಲ್ಲಿ ಆಲೆಮನೆಯವರಿಗೆ ಮಾತನಾಡಲೂ ಪುರಸೊತ್ತಿರುವುದಿಲ್ಲ. ಹತ್ತಿರ ನುಗ್ಗಿದರೆ ಅವರ ಕೆಲಸ ಕೆಡುತ್ತದೆ, ಸುಡುವ ಪಾಕದ ಪಕ್ಕ ಅಪಾಯವೂ ಉಂಟು. ಒಂದು ದಿನ ಬಂದು ಹೋಗುವವನಿಗೆ ಈ ಲಯ ತಿಳಿಯದು. ಅಚ್ಚಿಗೆ ಹುಯ್ಯುವುದು ಯಾವಾಗ, ಕೊಪ್ಪರಿಗೆ ಇಳಿಸುವುದು ಯಾವಾಗ, ಯಾರು ಯಾವ ಕಡೆಯಿಂದ ಬರುತ್ತಾರೆ ಎಂದು ತಿಳಿದವನು ಅಡ್ಡ ಬರದ ಮೂಲೆಯಲ್ಲಿ ಮೊದಲೇ ನಿಂತು ಕಾಯಬಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದವರಿಗೆ ಹೀಗೆ ಕಾಯುವುದರ ಫಲ ಗೊತ್ತಿರುತ್ತದೆ. ಸಾಮಾನ್ಯ ಜನರ ದಿನನಿತ್ಯದ ಬದುಕೇ ಅವರ ಮುಖ್ಯ ವಸ್ತುವಾಗಿತ್ತು. ನಮ್ಮೂರಲ್ಲಿ ತೆಗೆಯುವಂಥದ್ದು ಏನಿದೆ ಎಂದು ಕೇಳುವ ತರುಣರು ಅವರ ಆತ್ಮಕಥನ ‘ಕಾಲಕ್ಕೆ ಕನ್ನಡಿ’ಯನ್ನು ಹುಡುಕಿ ಓದಬೇಕೆಂದು ನನ್ನ ಆಸೆ.

ಈಗ ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಆಧಾರ ಒದಗಿಸುವ ಊರಿಗೆ ಬರುತ್ತೇನೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಹನ್ನೆರಡು ಕಿಲೋಮೀಟರಿನಷ್ಟು ಒಳಗೆ, ಶಿಂಷಾ ನದಿಯ ಹತ್ತಿರ ಇದೆ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮಾಗಿಯಲ್ಲಿ ಇಲ್ಲಿಗೆ ಬಂದು, ಊರೊಳಗಿನ ಹುಣಸೆ ಮರಗಳ ಮೇಲೆ, ಆಲ ಅರಳಿಗಳ ಮೇಲೆ ಗೂಡು ಕಟ್ಟಿ, ಮರಿ ಮಾಡಿ, ಮುಂಗಾರು ಹಿಡಿಯುವ ಹೊತ್ತಿಗೆ ಚದುರುತ್ತವೆ. ಅನೇಕ ಮರಗಳು ಮನೆಗಳ ಹಿತ್ತಲಲ್ಲೇ ಇವೆ. ಊರಿನವರು ತಲೆಮಾರುಗಳಿಂದ ಈ ಹಕ್ಕಿಗಳನ್ನು ತಮ್ಮವೆಂದು ನೋಡಿಕೊಂಡು ಬಂದಿದ್ದಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಬೇರೆಡೆ ಇಷ್ಟು ದೊಡ್ಡ ಹಕ್ಕಿಗಳ ಚಿತ್ರಕ್ಕೆ ದೋಣಿ, ಮರೆ, ಉದ್ದನೆಯ ಲೆನ್ಸು ಬೇಕು. ಇಲ್ಲಿ ಬೀದಿಯಲ್ಲಿ ನಿಂತರೆ ತಲೆಯ ಮೇಲೆಯೇ ಅವುಗಳ ಸಂಸಾರ.

ಹಾರುವ ಹಕ್ಕಿಯನ್ನು ಹಿಡಿಯುವ ತಂತ್ರ ಕಲಿಯಲು ಈ ಊರು ಎಷ್ಟು ಅನುಕೂಲವೆಂದು ಸ್ವಲ್ಪ ಬಿಡಿಸಿ ಹೇಳಬೇಕು. ರೆಕ್ಕೆಯ ಚಲನೆಯನ್ನು ನಿಲ್ಲಿಸಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಚುರುಕಾದ ಷಟರ್ ಬೇಕು. ಅದನ್ನು ಯಂತ್ರ ಕೊಡುತ್ತದೆ. ಹಕ್ಕಿ ಎಲ್ಲಿಂದ ಬರುತ್ತದೆ, ಯಾವಾಗ ಕಾಲು ಚಾಚುತ್ತದೆ ಎಂಬ ಮುನ್ಸೂಚನೆಯನ್ನು ಯಂತ್ರ ಕೊಡಲಾರದು. ಗೂಡು ಕಟ್ಟುವ ದಿನಗಳಲ್ಲಿ ಕೊಕ್ಕರೆ ಕಡ್ಡಿ ಕಚ್ಚಿಕೊಂಡು ಅದೇ ರೆಂಬೆಗೆ ಹತ್ತಾರು ಸಲ ಮರಳುತ್ತದೆ. ಇಷ್ಟು ದೊಡ್ಡ ಹಕ್ಕಿ ಇಳಿಯುವುದು ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಗಾಳಿ ಯಾವ ಕಡೆಯಿಂದೆಂದು ತಿಳಿದರೆ ಹಕ್ಕಿಯ ಎದೆ ಯಾವ ಕಡೆ ತಿರುಗಿರುತ್ತದೆ ಎಂದು ತಿಳಿಯಿತು. ಸೂರ್ಯ ಎಲ್ಲಿರಬೇಕು, ನಾವು ಎಲ್ಲಿ ನಿಲ್ಲಬೇಕು ಎಂಬುದು ಅದರಿಂದಲೇ ತೀರ್ಮಾನವಾಯಿತು. ಬೆಳಕಿನ ಲೆಕ್ಕವೂ ಇಲ್ಲಿ ಪ್ರತಿ ಚಿತ್ರಕ್ಕೂ ಬದಲಾಗುತ್ತದೆ. ಹುಣಸೆಯ ಕಡು ಎಲೆಗಳ ಮುಂದೆ ಬಿಳಿ ಹಕ್ಕಿ ಇದ್ದರೆ ಮಾಪಕ ಎಲೆಯನ್ನು ನಂಬಿ ಹಕ್ಕಿಯನ್ನು ಸುಣ್ಣ ಬಳಿದಂತೆ ಮಾಡುತ್ತದೆ, ಬೆಳಕು ಕಡಿಮೆ ಮಾಡಬೇಕು. ಅದೇ ಹಕ್ಕಿ ಬೆಳ್ಳನೆಯ ಆಕಾಶಕ್ಕೆ ಹಾರಿದೊಡನೆ ಕಪ್ಪು ನೆರಳಾಗುತ್ತದೆ, ಹೆಚ್ಚು ಮಾಡಬೇಕು. ಇದು ಒಂದು ಭಾನುವಾರದ ಪ್ರವಾಸದಲ್ಲಿ ಬರುವ ವಿದ್ಯೆಯಲ್ಲ. ಸಂಗೀತ ಕಲಿಯುವವರು ಸರಳೆ ವರಸೆಯನ್ನು ಒಂದು, ಎರಡು, ಮೂರನೆಯ ಕಾಲದಲ್ಲಿ ತಿರುತಿರುಗಿ ಹಾಡುವ ಹಾಗೆ, ಒಂದೇ ಮರದ ಕೆಳಗೆ ಮೊದಲು ಕೂತ ಹಕ್ಕಿ, ಆಮೇಲೆ ರೆಕ್ಕೆ ಬಿಚ್ಚುವ ಹಕ್ಕಿ, ಆಮೇಲೆ ಇಳಿಯುವ ಹಕ್ಕಿ ಎಂದು ಸಾಧನೆ ಮಾಡಬೇಕು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಫಿಲ್ಮಿನ ಕಾಲದಲ್ಲಿ ಹಕ್ಕಿಗಳನ್ನು ತೆಗೆದದ್ದು ಸುರುಳಿಗೆ ಮೂವತ್ತಾರೇ ಚಿತ್ರವೆಂಬ ಕಟ್ಟಿನೊಳಗೆ. ಲೆಕ್ಕವಿಲ್ಲದಷ್ಟು ಚಿತ್ರ ತೆಗೆಯಬಲ್ಲ ನಮಗೆ ಆ ತಾಳ್ಮೆ ತಾನಾಗಿ ಬರುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ಈ ಮಾತಿಗೆ ಬರುವ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಗೂಡಿನ ಹಕ್ಕಿಗೆ ಕ್ಯಾಮೆರಾದವರಿಂದ ಕಿರುಕುಳವಾಗುವುದಿಲ್ಲವೇ? ಆಗುತ್ತದೆ, ಬಹಳ ಕಡೆ ಆಗಿದೆ. ಅದಕ್ಕಾಗಿಯೇ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ಸ್ವೀಕರಿಸುವುದಿಲ್ಲ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಬೀದಿಯ ಓಡಾಟಕ್ಕೆ ಒಗ್ಗಿಕೊಂಡಿವೆ ನಿಜ, ಆದರೆ ಮರ ಹತ್ತುವವರಿಗೆ, ಹಾರಿಸಲೆಂದು ಚಪ್ಪಾಳೆ ತಟ್ಟುವವರಿಗೆ, ಡ್ರೋನಿಗೆ, ಫ್ಲಾಷಿಗೆ ಒಗ್ಗಿಕೊಂಡಿಲ್ಲ. ಸುಮಾರು ಒಂದು ತಿಂಗಳ ಕಾವಿನಲ್ಲಿ ತಾಯಿ ತಂದೆ ಹೆದರಿ ಎದ್ದರೆ ಮೊಟ್ಟೆಗೆ ಬಿಸಿಲು ತಾಗುತ್ತದೆ, ಕಾಗೆ ಹದ್ದುಗಳಿಗೆ ದಾರಿಯಾಗುತ್ತದೆ. ಒಂದೇ ಜಾಗದ ಅಭ್ಯಾಸ ಇಲ್ಲಿ ಕಿರುಕುಳವನ್ನು ಹೆಚ್ಚಿಸುವುದಕ್ಕಿಂತ ಕಡಿಮೆ ಮಾಡುತ್ತದೆಂದು ನನ್ನ ನಂಬಿಕೆ. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆದುಕೊಂಡು ಹೋಗಬೇಕೆಂಬ ಅವಸರವಿರುವವನೇ ಹಕ್ಕಿಯನ್ನು ಎಬ್ಬಿಸುತ್ತಾನೆ. ನಾಳೆಯೂ ಬರುವವನಿಗೆ ಎಬ್ಬಿಸುವ ಅಗತ್ಯವಿಲ್ಲ, ಊರಿನವರ ಕಣ್ಣಿಗೂ ಅವನು ಅಪರಿಚಿತನಲ್ಲ. ಹಿತ್ತಲಿನ ಮರವಾದರೆ ಆ ಮನೆಯವರ ಒಪ್ಪಿಗೆ ಕೇಳಿಯೇ ಒಳಗೆ ಕಾಲಿಡಬೇಕು.

ಹರಿಯುವ ನೀರನ್ನು ಹಿಡಿಯುವ ಅಭ್ಯಾಸಕ್ಕೆ ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತವಿದೆ, ಅದರ ವಿಷಯ ಚುಟುಕಾಗಿ ಹೇಳಿದರೆ ಸಾಕು. ಜನ ಮುಗಿಬೀಳುವುದು ಮಳೆಗಾಲದ ಭೋರ್ಗರೆತಕ್ಕೆ. ಅಭ್ಯಾಸಿಗೆ ಮಾಗಿಯ ಸಣ್ಣ ನೀರೇ ಮೇಲು. ಬಂಡೆಯ ಆಕಾರ ಹೊರಗೆ ಕಾಣುತ್ತದೆ, ಅರ್ಧ ಸೆಕೆಂಡು, ಒಂದು ಸೆಕೆಂಡು ಷಟರ್ ತೆರೆದಿಟ್ಟಾಗ ನೀರಿನ ಒಂದೊಂದು ಎಳೆಯೂ ಬೇರೆಯಾಗಿ ಮೂಡುತ್ತದೆ. ಸೂರ್ಯ ಏಳುವ ಮುನ್ನ ಹೋದರೆ ಬೆಳಕು ತಡೆಯುವ ಫಿಲ್ಟರೂ ಬೇಡ, ಮೂರುಕಾಲಿನ ಸ್ಟ್ಯಾಂಡೊಂದು ಇದ್ದರಾಯಿತು. ವೀಕ್ಷಣೆಯ ಜಾಗ ಬಿಟ್ಟು ಬಂಡೆಗಳಿಗೆ ಇಳಿಯಬೇಡಿ. ನೀರು ಕಡಿಮೆ ಕಂಡ ಮಾತ್ರಕ್ಕೆ ಆ ಮಡುಗಳು ಆಳ ಕಡಿಮೆಯವಲ್ಲ.

ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗ ಇಷ್ಟೂ ದಿನದ ಸಾಧನೆಗೆ ಪರೀಕ್ಷೆ ಒದಗುತ್ತದೆ. ಕತ್ತಲಾಗುತ್ತಿರುವ ಆಕಾಶ, ಎದ್ದ ಬೆಂಕಿ, ಓಡಿಬರುವ ಎತ್ತು, ಹಗ್ಗ ಹಿಡಿದ ಆಳು, ಎಲ್ಲವೂ ಒಂದೆರಡು ಸೆಕೆಂಡು. ಫೋನಿನ ರಾತ್ರಿ ಸೌಲಭ್ಯ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಅದು ಹಲವು ಚಿತ್ರಗಳನ್ನು ಕೂಡಿಸುವಷ್ಟರಲ್ಲಿ ಎತ್ತು ದಾಟಿಹೋಗಿರುತ್ತದೆ. ಬೆಂಕಿಯ ಮೇಲೆ ಅಳತೆಯನ್ನು ಮೊದಲೇ ನಿಲ್ಲಿಸಿಕೊಂಡು, ಎತ್ತು ಬೆಂಕಿಗೆ ಪಕ್ಕವಾಗುವ ಕಡೆ ನಿಂತವನಿಗೆ ಚಿತ್ರ ಸಿಗುತ್ತದೆ. ದನಕ್ಕಾಗಲಿ ಹಿಡಿದವರಿಗಾಗಲಿ ಎದುರು ನಿಂತು ಫ್ಲಾಷ್ ಹಾಕುವುದು ಅಪಾಯ. ಅದನ್ನು ಯಾರೂ ಮಾಡಕೂಡದು.

ಕೊನೆಯದಾಗಿ ಒಂದು ಪ್ರಶ್ನೆ ಉಳಿಯುತ್ತದೆ: ಒಂದೇ ಜಾಗದ ಒಂದೇ ಬಗೆಯ ನೂರಾರು ಚಿತ್ರಗಳಿಂದ ಕಲಿಯುವವನಿಗೆ ಬಿಟ್ಟರೆ ಯಾರಿಗೆ ಉಪಯೋಗ? 2017ರ ಡಿಸೆಂಬರಿನಿಂದ ಮುಂದಿನ ಕೆಲವು ತಿಂಗಳು ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹಕ್ಕಿಗಳ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಸಿಕ್ಕಿದವು. ಅಂಥ ಕಾಲದಲ್ಲಿ ಯಾವ ಮರದಲ್ಲಿ ಎಷ್ಟು ಗೂಡಿದ್ದವು, ಯಾವ ವಾರ ಎಷ್ಟು ಬರಿದಾದವು ಎಂದು ತಿಳಿಯಬೇಕಾದರೆ ಒಂದೇ ಕಡೆಯಿಂದ, ಒಂದೇ ಅಗಲಕ್ಕೆ, ದಿನಾಂಕ ಸಹಿತ ತೆಗೆದ ಸಾಮಾನ್ಯ ಚಿತ್ರಗಳಷ್ಟು ನೆರವಾಗುವುದು ಬೇರೆ ಇಲ್ಲ. ಬಹುಮಾನ ಬರುವ ಹಾರುಹಕ್ಕಿಯ ಚಿತ್ರದಲ್ಲಿ ಆ ಮಾಹಿತಿ ಇರುವುದಿಲ್ಲ. ಮದ್ದೂರು, ಮಳವಳ್ಳಿ ಸೀಮೆಯ ಹುಣಸೆ ಮರಗಳು ಕಡಿಮೆಯಾಗುತ್ತಿರುವುದಕ್ಕೂ, ಕೆರೆಯ ಅಂಗಳ ಒತ್ತುವರಿಯಾಗುವುದಕ್ಕೂ, ಆಲೆಮನೆಗಳು ಒಂದೊಂದೇ ಮುಚ್ಚುವುದಕ್ಕೂ ಇಂಥ ದಾಖಲೆ ಬೇಕಾಗಿದೆ. ಆದ್ದರಿಂದ ನಿಮ್ಮ ಫೋನಿನ ದಿನಾಂಕ, ಗಂಟೆ ಸರಿಯಿದೆಯೇ ನೋಡಿಕೊಳ್ಳಿ. ನಿಂತ ಜಾಗಕ್ಕೆ ಒಂದು ಕಲ್ಲಿನ ಗುರುತು ಮಾಡಿಕೊಳ್ಳಿ. ವಾರಕ್ಕೊಂದು ಚಿತ್ರವನ್ನು ತಿದ್ದದೆ, ಕತ್ತರಿಸದೆ ಬೇರೆಯಾಗಿ ಎತ್ತಿಡಿ, ಮತ್ತು ಫೆಬ್ರವರಿ ಮುಗಿದ ಮೇಲೆ ಅವುಗಳ ಒಂದೊಂದು ಮುದ್ರಿತ ಪ್ರತಿಯನ್ನು ಊರಿನ ಶಾಲೆಗೋ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೋ ಕೊಡಿ. ಮರದ ಹೆಸರು, ಹೊಲದ ಹೆಸರು ಹಿಂಬದಿಯಲ್ಲಿ ಬರೆದಿರಲಿ.